ಇವಳು ನಿನಗೆ ಏನಾಗಬೇಕು

ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತವರಿಗೆ ಮೊದಲು ಹೋಗುವುದು ಉಗುರು. ಬ್ಲೀಚಿನ ನೀರಿಗೆ ಬುಡ ಬಿಳಿಚಿಕೊಂಡು ಮೆತ್ತಗಾಗುತ್ತದೆ. ಆಮೇಲೆ ಮೂಗು. ರಕ್ತ, ಕೀವು, ವಾಂತಿ, ಔಷಧಿ ಎಲ್ಲ ಬೆರೆತು ಒಂದೇ ವಾಸನೆಯಾಗಿ, ಒಂದು ದಿನ ಅದೂ ತಿಳಿಯದಂತಾಗುತ್ತದೆ. ಸೊಂಟದ ವಿಷಯ ಹೇಳುವುದೇ ಬೇಡ.

ಇಸ್ತ್ರಿಯಕ್ಕನಿಗೆ ಇವೆಲ್ಲ ಹೋಗಿ ವರ್ಷಗಳಾಗಿದ್ದವು. ಇಸ್ತ್ರಿಯಕ್ಕ ಎಂದರೆ ಅವಳೇನು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತವಳಲ್ಲ. ಅವಳದು ಒಂದು ಕೋಣೆಯಷ್ಟು ದೊಡ್ಡ ಬಿಸಿ ಉರುಳೆಗಳ ಯಂತ್ರ. ಒದ್ದೆ ಚಾದರವನ್ನು ಒಂದು ಕಡೆ ನುಂಗಿ, ಒಣಗಿದ್ದನ್ನು ಇನ್ನೊಂದು ಕಡೆ ಉಗುಳುತ್ತಿತ್ತು. ಹೊರಬಂದದ್ದನ್ನು ಇಬ್ಬರು ಹಿಡಿದು ಮಡಿಸಬೇಕು. ಎದುರು ನಿಂತು ಇನ್ನೆರಡು ತುದಿ ಹಿಡಿಯುವವಳು ಚಿಕ್ಕಮ್ಮ. ಒದರು, ಮಡಿಸು, ಮುಂದೆ ಬಾ, ತುದಿಗೆ ತುದಿ ಕೂಡಿಸು. ಯಂತ್ರದ ಅಬ್ಬರಕ್ಕೆ ದೂರದಿಂದ ಆಡಿದ ಮಾತು ಕೇಳಿಸುತ್ತಿರಲಿಲ್ಲ. ಕೈಗೆ ಕೈ ತಾಗುವಷ್ಟು ಹತ್ತಿರ ಬಂದಾಗ ಮಾತ್ರ ಮಾತು. ಒಂದು ಚಾದರಕ್ಕೆ ಒಂದು ಮಾತು.

"ಪುಟ್ಟಿಗೆ ಹಲ್ಲು ಬಿತ್ತು."

ಇನ್ನೊಂದು ಚಾದರ.

"ಯಾವ್ದು?"

ಇನ್ನೊಂದು.

"ದವಡೆದು. ನುಂಗ್ಬಿಟ್ಟಿದಾಳೆ."

ಹೀಗೆ ಒಂದು ಸುದ್ದಿ ಮುಗಿಯುವಷ್ಟರಲ್ಲಿ ಒಂದು ವಾರ್ಡಿನ ಹಾಸಿಗೆಗಳಿಗೆಲ್ಲ ಬಟ್ಟೆ ಸಿದ್ಧವಾಗಿರುತ್ತಿತ್ತು.

ಪುಟ್ಟಿ ಚಿಕ್ಕಮ್ಮನ ಸತ್ತ ಅಕ್ಕನ ಮಗಳು. ಅಕ್ಕ ಈ ದೇಶಕ್ಕೆ ಮೊದಲೇ ಬಂದವಳು. ಇಲ್ಲೇ ಹೆತ್ತಳು. ಮಗು ಇನ್ನೂ ಅಂಬೆಗಾಲು ಇಡುವಾಗ ಜ್ವರ ಬಂದು ಇಲ್ಲೇ ಮಣ್ಣಾದಳು. ಮಗುವನ್ನು ಊರಿಗೆ ಕರೆದುಕೊಂಡು ಹೋಗಲೆಂದು ತಂಗಿ ಓಡಿ ಬಂದಳು. ಆದರೆ ತಂದೆಯ ಸಹಿ ಇಲ್ಲದೆ ಮಗು ಗಡಿ ದಾಟುವಂತಿಲ್ಲ. ತಂದೆ ಸಹಿ ಹಾಕಲಿಲ್ಲ. ಹಾಗಂತ ಮಗುವನ್ನು ಸಾಕಲೂ ಇಲ್ಲ. ಮಗು ಈ ನೆಲದಲ್ಲಿದ್ದರೆ ಸರ್ಕಾರ ಅದರ ಹೆಸರಲ್ಲಿ ತಿಂಗಳು ತಿಂಗಳು ಏನೋ ಕೊಡುತ್ತಿತ್ತು. ಅದನ್ನು ಅವನು ತೆಗೆದುಕೊಂಡ. ಮಗುವನ್ನು ಇವಳಿಗೆ ಬಿಟ್ಟ. ಕರೆದೊಯ್ಯಲು ಬಂದವಳು ಇಲ್ಲೇ ಉಳಿದಳು. ಪುಟ್ಟಿ ಅವಳನ್ನು ಚಿಕ್ಕಮ್ಮ ಎಂದು ಕರೆದಳು. ಕಾರ್ಖಾನೆಯವರೂ ಹಾಗೇ ಕರೆದರು.

ಯಜಮಾನ ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಿದ್ದರು. ಯಜಮಾನನ ಮುಂದೆ. ಕಾರ್ಖಾನೆಯ ಮೇಲಿನ ಮಹಡಿಯ ಒಂದು ಕೋಣೆಯನ್ನು ಚಿಕ್ಕಮ್ಮನಿಗೆ ಕೊಟ್ಟಿದ್ದ, ಬಾಡಿಗೆ ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದ. ಹೆಂಗಸರ ಪಾಸ್‌ಪೋರ್ಟುಗಳನ್ನು 'ಕಳೆದುಹೋದೀತು' ಎಂಬ ಕಾಳಜಿಯಿಂದ ತನ್ನ ಬೀರುವಿನಲ್ಲೇ ಇಟ್ಟುಕೊಂಡಿದ್ದ. ಪ್ರತಿ ವರ್ಷ ಚಿಕ್ಕಮ್ಮನ ವೀಸಾ ಅರ್ಜಿಯನ್ನು ಅವನೇ ತುಂಬಿಸುತ್ತಿದ್ದ. ಎಲ್ಲರ ಟಪಾಲೂ ಕಾರ್ಖಾನೆಯ ವಿಳಾಸಕ್ಕೆ ಬಂದು ಅವನ ಮೇಜಿನ ಮೇಲೆ ಬೀಳುತ್ತಿತ್ತು. ಅಲ್ಲಿಂದ ಯಾವಾಗ ಇಳಿದು ಬರುತ್ತದೆ ಎನ್ನುವುದು ಅವನ ಮರ್ಜಿ.

ಆ ವರ್ಷ ಚಳಿ ಜೋರಾಗಿತ್ತು. ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದವು. ಚಾದರಗಳು ಬೆಟ್ಟದಂತೆ ಬಂದು ಬೀಳುತ್ತಿದ್ದವು. ಆ ಗದ್ದಲವೆಲ್ಲ ಇಳಿದ ಮೇಲೆ ಯಜಮಾನ ಒಂದು ಸಂಜೆ ಚಿಕ್ಕಮ್ಮನನ್ನು ಕರೆದು ಲಕೋಟೆ ಕೊಟ್ಟ.

"ಏನೋ ಬಂದಿತ್ತು ನೋಡು. ಕೆಲ್ಸದ ಮಧ್ಯೆ ಮರ್ತೇಬಿಟ್ಟೆ."

ಲಕೋಟೆ ಒಡೆದಿತ್ತು.

ಮೆಟ್ಟಿಲ ಮೇಲೆ ಕೂತು ಪುಟ್ಟಿಯೇ ಅದನ್ನು ಓದಿದಳು. ಈ ದೇಶದ ಭಾಷೆ ಚೆನ್ನಾಗಿ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ. ಅಂಗಡಿ, ಬಸ್ಸು, ದವಾಖಾನೆ ಎಲ್ಲೆಲ್ಲೂ ಅವಳೇ ಚಿಕ್ಕಮ್ಮನ ಬಾಯಿ. ತುಟಿಯಲ್ಲೇ ಎರಡು ಸಲ ಓದಿಕೊಂಡಳು. ಇಸ್ತ್ರಿಯಕ್ಕ ಪಕ್ಕದಲ್ಲೇ ನಿಂತಿದ್ದಳು.

"ಏನಂತೆ ಪುಟ್ಟಿ?" ಚಿಕ್ಕಮ್ಮ ಕೇಳಿದಳು.

"ವೀಸಾ ಕೊಡಲ್ವಂತೆ. ಇಲ್ಲಿರೋಕೆ ಆಗಲ್ವಂತೆ."

"ಯಾರಿಗೆ?"

ಹುಡುಗಿ ಕಾಗದವನ್ನು ಮಡಿಸತೊಡಗಿದಳು. "ನಿಂಗೆ," ಎಂದಳು. ಆಮೇಲೆ, "ನಂಗಲ್ಲ," ಎಂದಳು. ಆ ಎರಡನೆಯ ಮಾತು ಹೇಳುವಾಗ ಅವಳ ದನಿ ತಪ್ಪು ಮಾಡಿದವಳ ದನಿಯಂತಿತ್ತು.

ಪುಕ್ಕಟೆ ಸಲಹೆ ಕೊಡುವ ವಕೀಲೆಯೊಬ್ಬಳು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂರುತ್ತಾಳೆ ಎಂದು ಯಾರೋ ಹೇಳಿದರು. ಚಿಕ್ಕಮ್ಮ, ಪುಟ್ಟಿ, ಇಸ್ತ್ರಿಯಕ್ಕ ಮೂವರೂ ಹೋದರು. ಮುರಿದ ಕುರ್ಚಿಗಳು, ಗೋಡೆಗೆ ಒರಗಿ ನಿಂತ ಜನ, ಕೆಮ್ಮುವ ಮಕ್ಕಳು. ಲಾಯರಮ್ಮನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಕಣ್ಣ ಕೆಳಗೆ ಕಪ್ಪು. ಅವಳ ಅಜ್ಜಿಯೂ ಇವರಂತೆ ವಲಸೆ ಬಂದವಳೇ. ಅಜ್ಜಿಯಿಂದ ಕಲಿತ ಮಾತಾದ್ದರಿಂದ ಲಾಯರಮ್ಮ ಹರೆಯದಲ್ಲೇ ಮುದುಕಿಯಂತೆ ಮಾತಾಡುತ್ತಿದ್ದಳು.

"ಬನ್ನಿರವ್ವ, ಕೂತ್ಕೊಳ್ಳಿ. ಏನು ಬಂತು ಗ್ರಹಚಾರ?"

ಅಂಥ ಹೊತ್ತಿನಲ್ಲೂ ಪುಟ್ಟಿಗೆ ನಗು ಬಂತು.

ಕಾಗದ ಓದಿದ ಲಾಯರಮ್ಮ ತಲೆ ಎತ್ತಿದಳು. "ಮೇಲ್ಮನವಿ ಹಾಕೋ ಗಡುವು ಮುಗಿದುಹೋಗಿದೆಯಲ್ಲ ತಾಯಿ. ಇಷ್ಟು ದಿನ ಎಲ್ಲಿದ್ರಿ?"

"ಕಾಗ್ದ ನಿನ್ನೆ ಕೈಗೆ ಬಂತು."

"ನಿನ್ನೆ ಬಂತು ಅನ್ನೋಕೆ ಏನು ಆಧಾರ? ನೀವು ಹೇಳಿದ್ರೆ ಸಾಲದು. ಕಾರ್ಖಾನೆಯವರೇ ಯಾರಾದ್ರೂ ಬಂದು ಹೇಳ್ಬೇಕು. ಟಪಾಲೆಲ್ಲ ಯಜಮಾನನ ಮೇಜಿಗೆ ಹೋಗತ್ತೆ, ಅವನು ಇಟ್ಕೋತಾನೆ ಅಂತ."

ಇಸ್ತ್ರಿಯಕ್ಕ ನೆಲ ನೋಡಿದಳು. ಲಾಯರಮ್ಮ ಅದನ್ನು ಕಂಡಳು.

"ನಿಮ್ಮ ವೀಸಾ ಯಾರ ಮೇಲಿದೆ ಅಕ್ಕ?"

"ಯಜಮಾನರ ಮೇಲೆ."

"ಹಾಗಾದ್ರೆ ಯೋಚನೆ ಮಾಡಿ. ನಾನು ಸುಳ್ಳು ಹೇಳಲ್ಲ. ಸಾಕ್ಷಿ ಹೇಳಿದ ಮಾರನೇ ದಿನ ನಿಮ್ಮ ಕೆಲಸ ಇರಲ್ಲ. ಕೆಲಸ ಹೋದ್ರೆ ವೀಸಾನೂ ಹೋಗಬಹುದು."

ಊರಿನಲ್ಲಿ ಇಸ್ತ್ರಿಯಕ್ಕನ ಮಗಳು ನರ್ಸಿಂಗ್ ಓದುತ್ತಿದ್ದಳು. ಇಲ್ಲಿ ಮಡಿಸಿದ ಚಾದರಗಳಿಂದ ಅಲ್ಲಿ ಅವಳ ಫೀಸು. ಇಸ್ತ್ರಿಯಕ್ಕ ಕೆಲವು ದಿನ ಚಿಕ್ಕಮ್ಮನ ಮುಖ ನೋಡದೆ ಚಾದರ ಮಡಿಸಿದಳು. ಚಿಕ್ಕಮ್ಮ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಅವಳು ಸುಮ್ಮನೆ ತುದಿಗೆ ತುದಿ ಕೂಡಿಸಿ, "ಇವತ್ತು ಪುಟ್ಟಿ ಲೆಕ್ಕದಲ್ಲಿ ಫಸ್ಟು," ಎಂದಳು. ಇನ್ನೊಂದು ಚಾದರಕ್ಕೆ, "ನಾನು ಹೋದ್ಮೇಲೆ ಅವ್ಳಿಗೆ ತಲೆ ಬಾಚೋರು ಯಾರೋ," ಎಂದಳು.

ಮುಂದಿನ ಚಾದರ ಹೊರಬಂತು. ಇಸ್ತ್ರಿಯಕ್ಕ ಹತ್ತಿರ ಬಂದು, "ನಾನು ಹೇಳ್ತೀನಿ," ಎಂದಳು.

"ಏನು?"

"ಸಾಕ್ಷಿ."

ಚಿಕ್ಕಮ್ಮನ ಕೈಯಿಂದ ಚಾದರ ಜಾರಿತು. ನೆಲಕ್ಕೆ ಬಿದ್ದದ್ದನ್ನು ಮತ್ತೆ ಒಗೆಯಬೇಕು. ಮೇಸ್ತ್ರಿ ಬೈದ. ಇಬ್ಬರೂ ಬೈಸಿಕೊಂಡರು.

ವಿಚಾರಣೆಯ ಕೋಣೆ ಸಣ್ಣದು. ಕಟಕಟೆಯೂ ಇಲ್ಲ, ಏನೂ ಇಲ್ಲ. ಉದ್ದ ಮೇಜು, ನೀರಿನ ಲೋಟಗಳು, ಗೋಡೆಯ ಮೇಲೊಂದು ಸ್ಪೀಕರು. ಅದರಲ್ಲಿ ಎಲ್ಲೋ ಕೂತ ದುಭಾಷಿಯ ದನಿ. ನ್ಯಾಯಾಧೀಶರು ನೆಗಡಿಯಾದ, ಸೌಮ್ಯ ಮನುಷ್ಯ. ಇಸ್ತ್ರಿಯಕ್ಕ ಎದ್ದು ನಿಂತು ಟಪಾಲಿನ ಕಥೆ ಹೇಳಿದಳು. ತನ್ನ ಮಗಳ ಕಾಲೇಜಿನ ಪತ್ರವೂ ಆ ಮೇಜಿನ ಮೇಲೆ ಹೇಗೆ ಕೊಳೆಯಿತು ಎಂದೂ ಹೇಳಿದಳು. ನ್ಯಾಯಾಧೀಶರು ಬರೆದುಕೊಂಡರು. ತಡವಾದದ್ದು ಅರ್ಜಿದಾರಳ ತಪ್ಪಲ್ಲ, ಮಗುವಿಗಾಗಿ ಇಲ್ಲೇ ಉಳಿಯಬೇಕೆಂಬ ಮನವಿ ಕೇಳುತ್ತೇನೆ ಎಂದರು. ಲಾಯರಮ್ಮ ಮೇಜಿನಡಿ ಇಸ್ತ್ರಿಯಕ್ಕನ ಕೈ ಒತ್ತಿದಳು.

ಆಮೇಲೆ ಸರ್ಕಾರದ ಕಡೆಯವರು ಕರೆಸಿದ್ದ ಪುಟ್ಟಿಯ ಅಪ್ಪ ಎದ್ದ. ಹೊಸ ಅಂಗಿ ತೊಟ್ಟಿದ್ದ. ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. "ಅವ್ಳು ನನ್ನ ರಕ್ತ. ನಾನು ಸಾಕ್ತೀನಿ," ಎಂದ.

"ಮಗಳು ಯಾವ ತರಗತಿ?" ಲಾಯರಮ್ಮ ಕೇಳಿದಳು.

ಅವನು ಒಂದು ಹೇಳಿದ. ತಪ್ಪಾಗಿತ್ತು. ನ್ಯಾಯಾಧೀಶರು ಅದನ್ನೂ ಬರೆದುಕೊಂಡರು.

ಕೊನೆಗೆ ಅವರು ಚಿಕ್ಕಮ್ಮನ ಕಡೆ ತಿರುಗಿದರು. ಸ್ಪೀಕರು ಗೊರಗುಟ್ಟಿತು. "ಈ ಮಗು ನಿಮಗೆ ಏನಾಗಬೇಕು?"

"ಮಗ್ಳು."

"ನೀವು ಹೆತ್ತ ಮಗಳೇ?"

"ಅಕ್ಕ ಹೆತ್ಳು. ಅಕ್ಕನ ಮಗ್ಳು ಅಂದ್ರೆ ನನ್ಗೂ ಮಗ್ಳೇ ಅಲ್ವಾ ಸ್ವಾಮಿ."

ದುಭಾಷಿ ಏನೋ ಹೇಳಿದ. ಸರ್ಕಾರದ ವಕೀಲ ಎದ್ದು, ಅರ್ಜಿದಾರಳು ಮೊದಲು ಮಗಳು ಎಂದಳು, ಈಗ ಅಲ್ಲ ಎನ್ನುತ್ತಾಳೆ, ಯಾವುದು ನಿಜವೋ ತಿಳಿಯುತ್ತಿಲ್ಲ ಎಂದ. ನ್ಯಾಯಾಧೀಶರು ಪುಟ್ಟಿಯನ್ನು ಮೃದುವಾಗಿ ಕೇಳಿದರು: ಇವಳು ನಿನಗೆ ಏನಾಗಬೇಕು?

ಪುಟ್ಟಿ ಎದ್ದಳು. ಇಸ್ತ್ರಿಯಕ್ಕನಿಗೆ ಆ ಭಾಷೆ ಅಲ್ಪಸ್ವಲ್ಪ ತಿಳಿಯುತ್ತಿತ್ತು. ಉಳಿದದ್ದನ್ನು ಆಮೇಲೆ ಲಾಯರಮ್ಮ ಹೇಳಿದಳು. ಹುಡುಗಿ ಹೇಳಿದ್ದಿಷ್ಟು. "ನಿಮ್ಮ ಮಾತಲ್ಲಿ ಇವಳಿಗೆ ಇರೋ ಪದದಲ್ಲಿ ಅಮ್ಮ ಇಲ್ಲ. ನಮ್ಮ ಮಾತಲ್ಲಿ ಇದಾಳೆ. ಚಿಕ್ಕ ಅಮ್ಮ. ದೊಡ್ಡ ಅಮ್ಮನ್ನ ನಾನು ನೋಡಿದ ನೆನಪಿಲ್ಲ. ನನಗೆ ಇರೋದು ಇದೊಂದೇ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಚೆನ್ನಾಗಿ ಮಾತಾಡಿದೆ ಮಗೂ ಎಂದರು.

ಮಾರನೆಯ ದಿನ ಇಸ್ತ್ರಿಯಕ್ಕನ ಕೆಲಸ ಹೋಯಿತು. ಹಾಗೆಂದು ಯಜಮಾನ ಕೂಗಾಡಲಿಲ್ಲ. "ನಿಂಗೆ ಕೋರ್ಟು ಕಚೇರಿ ಕೆಲ್ಸ ಜಾಸ್ತಿ ಆಗಿದೆ, ರೆಸ್ಟ್ ತಗೋ," ಎಂದ.

ತೀರ್ಪು ಬಂದದ್ದು ಕೆಲವು ವಾರಗಳ ನಂತರ. ಲಾಯರಮ್ಮ ನೆಲಮಾಳಿಗೆಯಲ್ಲಿ ಓದಿ ಹೇಳಿದಳು. ಅರ್ಜಿದಾರಳು ಮಗುವನ್ನು ಪ್ರೀತಿಯಿಂದ ಸಾಕಿದ್ದಾಳೆ. ಅದರಲ್ಲಿ ಅನುಮಾನವಿಲ್ಲ. ಆದರೆ ಅವಳು ತಾಯಿಯಲ್ಲ. ಮಗುವಿಗೆ ತಂದೆ ಇದ್ದಾನೆ. ಅಗಲಿಕೆಯಿಂದ ಮಗುವಿಗೆ ದುಃಖವಾಗುವುದು ನಿಜ, ಆದರೆ ಅದು ಸಹಿಸಲಾರದಷ್ಟು ದುಃಖ ಎಂದು ಹೇಳಲು ಬರುವುದಿಲ್ಲ.

"ಅದನ್ನ ಯಾವ್ದ್ರಲ್ಲಿ ಅಳೆದ್ರಂತೆ?" ಇಸ್ತ್ರಿಯಕ್ಕ ಕೇಳಿದಳು.

ಹೊರಗೆ ಇನ್ನೂ ಜನ ಗೋಡೆಗೆ ಒರಗಿ ನಿಂತಿದ್ದರು. ಲಾಯರಮ್ಮ ಒಂದು ಗಳಿಗೆ ಮುಖ ಮುಚ್ಚಿಕೊಂಡು, "ಮೇಲಿನ ಕೋರ್ಟು ಅಂತ ಇನ್ನೊಂದು ಮೆಟ್ಟಿಲಿದೆ, ಅಲ್ಲಿಗೂ ಬರೀತೀನಿ," ಎಂದಳು.

ಆ ಮೆಟ್ಟಿಲು ಹತ್ತುವಷ್ಟು ಸಮಯ ಸರ್ಕಾರ ಕೊಡಲಿಲ್ಲ. ವಾರಕ್ಕೊಮ್ಮೆ ವಲಸೆ ಕಚೇರಿಗೆ ಹೋಗಿ ಸಹಿ ಹಾಕಿ ಬರಬೇಕೆಂದು ಚಿಕ್ಕಮ್ಮನಿಗೆ ಅಪ್ಪಣೆಯಾಗಿತ್ತು. ಆ ದಿನವೂ ಪುಟ್ಟಿಯನ್ನು ಶಾಲೆಗೆ ಬಿಟ್ಟು, ಊಟದ ಡಬ್ಬಿ ಕೈಗೆ ಕೊಟ್ಟು, ಸಹಿ ಹಾಕಲು ಹೋದಳು. ಹೋದವಳನ್ನು ಒಳಗೇ ಇಟ್ಟುಕೊಂಡರು. ನಾಳೆ ಬೆಳಿಗ್ಗೆ ವಿಮಾನ ಎಂದು ಲಾಯರಮ್ಮ ಫೋನು ಮಾಡಿದಾಗ ಇಸ್ತ್ರಿಯಕ್ಕ ಕೆಲಸ ಕೇಳಿಕೊಂಡು ಒಂದು ಹೋಟೆಲಿನ ಹಿಂಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದ ಶಾಲೆಗೆ ಓಡಿದಳು.

ಮಕ್ಕಳೆಲ್ಲ ಹೊರಟುಹೋಗಿದ್ದರು. ಪುಟ್ಟಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಇಸ್ತ್ರಿಯಕ್ಕನನ್ನು ಕಂಡು ಎದ್ದಳು. ಅವಳ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿದಳು. ಮತ್ತೆ ಕೂತಳು.

ಇಸ್ತ್ರಿಯಕ್ಕ ಪಕ್ಕದಲ್ಲಿ ಕೂತು ಹುಡುಗಿಯ ಕೈ ಹಿಡಿದುಕೊಂಡಳು.

"ನಾನು ಸರಿಯಾಗಿ ಹೇಳ್ಲಿಲ್ವಾ ಅಕ್ಕ?" ಪುಟ್ಟಿ ಕೇಳಿದಳು. "ಕೋರ್ಟಲ್ಲಿ. ಇನ್ನೂ ಚೆನ್ನಾಗಿ ಹೇಳ್ಬೇಕಿತ್ತಾ?"

"ಸರಿಯಾಗೇ ಹೇಳ್ದೆ ಕಂದ. ಅದಕ್ಕಿಂತ ಸರಿಯಾಗಿ ಯಾರ್ಗೂ ಹೇಳಕ್ಕಾಗಲ್ಲ."

"ಮತ್ಯಾಕೆ?"

ಗೇಟಿನಾಚೆ ಕಾರು ಬಂದು ನಿಂತಿತು. ಪುಟ್ಟಿಯ ಅಪ್ಪ ಇಳಿಯಲಿಲ್ಲ. ಕಿಟಕಿಯಿಂದ ಕೈ ಬೀಸಿದ. ಯಾರಿಗೂ ಬೇಡದ ಚೀಲ ಎತ್ತಿಕೊಂಡ ಹಾಗೆ ಪುಟ್ಟಿ ತನ್ನ ಚೀಲ ಎತ್ತಿಕೊಂಡಳು. ಕಾರಿನ ಬಳಿ ಹೋಗಿ ಯಾವ ಬಾಗಿಲು ತೆಗೆಯಬೇಕೋ ತಿಳಿಯದೆ ನಿಂತಳು. ಆ ಕಾರನ್ನು ಅವಳು ಹಿಂದೆಂದೂ ಹತ್ತಿರಲಿಲ್ಲ.

ಕಾರು ಹೋದ ಮೇಲೆ ಇಸ್ತ್ರಿಯಕ್ಕನ ಕಾಲು ತನ್ನಷ್ಟಕ್ಕೆ ಕಾರ್ಖಾನೆಯ ದಾರಿ ಹಿಡಿಯಿತು. ಅವಳನ್ನು ಒಳಗೆ ಬಿಡಬಾರದೆಂದು ಯಜಮಾನ ಹೇಳಿದ್ದ. ಕಾವಲಿನವನು ಅವಳ ಮುಖ ನೋಡಿ ಬಿಟ್ಟ. ಉರುಳೆ ಯಂತ್ರ ಅಬ್ಬರಿಸುತ್ತಿತ್ತು. ಅವಳ ಜಾಗದಲ್ಲಿ, ಚಿಕ್ಕಮ್ಮನ ಜಾಗದಲ್ಲಿ ಆಗಲೇ ಹೊಸಬರು ನಿಂತಿದ್ದರು. ಅವಳು ಯಂತ್ರದ ಪಕ್ಕಕ್ಕೆ ಹೋಗಿ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಕೊಳೆ ಬಟ್ಟೆ ವಿಂಗಡಿಸುವ ಮುದುಕಿ ಎದ್ದು ಹೋಗಿ ಕೆಂಪು ಗುಂಡಿ ಒತ್ತಿದಳು. ಉರುಳೆಗಳು ನಿಂತವು.

"ಈಗ ಹೇಳು," ಎಂದಳು ಮುದುಕಿ.

"ಚಿಕ್ಕಮ್ಮನ್ನ ಹಿಡ್ಕೊಂಡ್ರು. ನಾಳೆ ಕಳಿಸ್ತಾರೆ. ಪುಟ್ಟಿನ ಅವನು ಕರ್ಕೊಂಡು ಹೋದ."

ಒಗೆಯುವ ಕಡೆಯಿಂದಲೂ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದರು. ಸದ್ದು ನಿಂತದ್ದಕ್ಕೆ ಯಜಮಾನ ಮೇಲಿನಿಂದ ಇಳಿದು ಬಂದ.

"ಏನಿದು? ಆಸ್ಪತ್ರೆ ಗಾಡಿ ಬರೋ ಹೊತ್ತು. ಯಾರು ನಿಲ್ಸಿದ್ದು?"

"ನಾನು," ಎಂದಳು ಮುದುಕಿ. "ನಮ್ಮ ಪಾಸ್‌ಪೋರ್ಟು ಕೊಡಿ ಯಜಮಾನ್ರೇ."

"ನನ್ದೂ ಕೊಡಿ," ಎಂದಳು ಇನ್ನೊಬ್ಬಳು. "ಟಪಾಲೂ."

"ಹೀಗೆಲ್ಲ ಆಡಿದ್ರೆ ನಾಳೆ ನಿಮ್ಮನ್ನೂ ಅದೇ ವಿಮಾನಕ್ಕೆ ಹತ್ತಿಸ್ತಾರೆ, ತಿಳ್ಕೊಳ್ಳಿ."

"ಹತ್ತಿಸ್ಲಿ. ಹತ್ತೋಕೂ ಪಾಸ್‌ಪೋರ್ಟ್ ಬೇಕಲ್ಲ," ಎಂದಳು ಮುದುಕಿ.

ಯಾರೋ ನಕ್ಕರು. ಒಬ್ಬಳೂ ತನ್ನ ಜಾಗಕ್ಕೆ ಹಿಂದಿರುಗಲಿಲ್ಲ. ಯಜಮಾನ ಒಂದೊಂದೇ ಮುಖ ನೋಡುತ್ತ ಬಂದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಆಗ ಇಸ್ತ್ರಿಯಕ್ಕನ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಚಿಕ್ಕಮ್ಮ. ಒಂದೇ ಸಲ ಮಾತಾಡಲು ಬಿಟ್ಟಿದ್ದರಂತೆ.

"ಅಕ್ಕ, ಪುಟ್ಟಿ ಉಂಡ್ಳಾ?"

"ಉಂಡ್ಳು," ಎಂದಳು ಇಸ್ತ್ರಿಯಕ್ಕ. ಅವಳಿಗೆ ಗೊತ್ತಿರಲಿಲ್ಲ.

"ಅತ್ಳಾ?"

"ಇಲ್ಲ."

ಆಮೇಲೆ ಚಿಕ್ಕಮ್ಮ, "ನೀನು ಎಲ್ಲಿದೀಯ?" ಎಂದಳು.

"ಕಾರ್ಖಾನೇಲಿ."

"ಮಿಷನ್ ಸದ್ದೇ ಇಲ್ವಲ್ಲ. ಕೆಟ್ಟೋಯ್ತಾ?"

"ಕೆಟ್ಟಿಲ್ಲ," ಎಂದಳು ಇಸ್ತ್ರಿಯಕ್ಕ. "ನಿಲ್ಸಿದೀವಿ."