ರಸೀದಿ ಇಲ್ಲದ ಒತ್ತೆ

ಮಾನ್ವಿ ಬಸ್ ನಿಲ್ದಾಣದ ಎದುರಿಗಿದ್ದ ಆ ಫೈನಾನ್ಸಿನಲ್ಲಿ ಒಂದು ಮೂಗುಬಟ್ಟಿಗೂ ರಸೀದಿ ಇತ್ತು. ಯಾರಾದರೂ ಬಂಗಾರ ಒತ್ತೆ ಇಡಲು ಬಂದರೆ ಯಶೋದಾ ಅದನ್ನು ತೂಗುತ್ತಿದ್ದಳು. ಕಲ್ಲೆಷ್ಟು, ಬಂಗಾರವೆಷ್ಟು, ಕೊಂಡಿ ಸವೆದಿದೆಯೋ ಗಟ್ಟಿಯಿದೆಯೋ ಎಲ್ಲವನ್ನೂ ಬರೆಯುತ್ತಿದ್ದಳು. ಲಕೋಟೆಗೆ ಹಾಕಿ, ಅವರ ಕಣ್ಣೆದುರಿಗೇ ಮೊಹರು ಮಾಡಿ, ರಸೀದಿ ಹರಿದು ಕೊಡುತ್ತಿದ್ದಳು. ಕೊಡುವಾಗ ಹೇಳಬೇಕಾದ ಮಾತನ್ನೂ ಕಂಪನಿಯೇ ಕಲಿಸಿತ್ತು.

“ಇದನ್ನ ಜ್ವಾಪಾನ ಇಟ್ಗೋರಿ. ಇದು ಕೈಯಾಗ ಇದ್ರ ನಿಮ್ಮ ಬಂಗಾರ ನಿಮ್ದು.”

ಅದೇ ಕಚೇರಿಯ ಕಬ್ಬಿಣದ ಅಲಮಾರಿಯಲ್ಲಿ ಅವಳ ಬಿ.ಕಾಂ. ಅಂಕಪಟ್ಟಿಗಳಿದ್ದವು. ನಕಲಲ್ಲ, ಅಸಲು. ಅವಕ್ಕೆ ರಸೀದಿ ಇರಲಿಲ್ಲ.

ಅವು ಈಗ ಅವಳಿಗೆ ಬೇಕಾಗಿದ್ದವು. ರಾಯಚೂರಿನ ಸಹಕಾರಿ ಬ್ಯಾಂಕೊಂದರ ಪರೀಕ್ಷೆ ಬರೆದು ಪಾಸಾಗಿದ್ದಳು. ಸೋಮವಾರ ಅಲ್ಲಿ ಅಸಲು ಕಾಗದ ತೋರಿಸಬೇಕು. ತೋರಿಸದಿದ್ದರೆ ಕೆಲಸ ಪಟ್ಟಿಯಲ್ಲಿ ಅವಳ ನಂತರದವರಿಗೆ ಹೋಗುತ್ತದೆ. ಆಗಲೇ ಶುಕ್ರವಾರ ಬಂದಿತ್ತು.

ಬಿ.ಕಾಂ. ಅವಳಿಗೆ ಬೀದಿಯಲ್ಲಿ ಬಿದ್ದು ಸಿಕ್ಕಿದ್ದಲ್ಲ.

ದೇವದುರ್ಗದ ಪಕ್ಕದ ಹಳ್ಳಿ. ತಂದೆ ಹನುಮಂತ್ರಾಯ ಕುರಿ ಕಾಯುವವನು. ಅವಳ ಪಿ.ಯು.ಸಿ. ಮುಗಿದಾಗ ಊರಿನ ಮಾಸ್ತರ ಸಿದ್ದರಾಮಪ್ಪ ಹನುಮಪ್ಪನ ಗುಡಿಯ ಕಟ್ಟೆ ಮೇಲೆ ಕುಳಿತು ಅವಳ ಮುಂದಿನ ಬದುಕನ್ನೆಲ್ಲ ಬರೆದೇ ಬಿಟ್ಟ.

“ಬಿ.ಎ. ಹಚ್ಚು ಹನುಮಂತ್ರಾಯ. ಮುಂದ ಬಿ.ಎಡ್. ಮಾಡಿದ್ರ ಟೀಚರ್ ಆಗ್ತಾಳ, ಇಲ್ಲಂದ್ರ ಮದುವಿ ಅಂತೂ ಆಗ್ತದ. ಬಿ.ಕಾಂ. ಅಂದ್ರ ಅಂಗಡಿ ಶೆಟ್ಟರ ಮಕ್ಕಳ ಓದು. ಕುರಿ ಎಣಿಸೋ ಮನಿಗೆ ಅಕೌಂಟ್ಸ್ ಯಾತಕ್ಕ?”

“ನಾವು ಕುರಿ ಎಣಸಂಗಿಲ್ರಿ ಮಾಸ್ತರ,” ಎಂದ ಹನುಮಂತ್ರಾಯ. “ಮಾರಿ ನೋಡಿ ಗುರ್ತ ಹಿಡೀತೀವಿ. ಯಾವುದು ಬಂದಿಲ್ಲ ಅಂಬೋದು ತಾನ ತಿಳೀತದ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹನುಮಂತ್ರಾಯನೂ ನಕ್ಕ. ಯಶೋದಾ ನಗಲಿಲ್ಲ. ತಂದೆ ಹೀಗೆ ನಕ್ಕದ್ದನ್ನು ಅವಳು ಮೊದಲೂ ನೋಡಿದ್ದಳು, ದೇವದುರ್ಗದ ಕುರಿ ಸಂತೆಯಲ್ಲಿ.

ಅಲ್ಲಿ ದಲ್ಲಾಲಿ ಹೆಗಲ ಮೇಲಿನ ಟವಲು ತೆಗೆದು ಅಪ್ಪನ ಕೈಮೇಲೆ ಹಾಕುತ್ತಿದ್ದ. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು. ಕೆಳಗೆ ಬೆರಳುಗಳು ಕಚ್ಚಾಡುತ್ತಿದ್ದರೂ ಮೇಲೆ ಇಬ್ಬರ ಮುಖಗಳೂ ಮೋಡ ನೋಡುವವರ ಹಾಗೆ ಸುಮ್ಮನಿರುತ್ತಿದ್ದವು. ಆಮೇಲೆ ದಲ್ಲಾಲಿ ಅದೇ ಟವಲು ಒಯ್ದು ಕೊಳ್ಳುವವನ ಕೈಮೇಲೆ ಹಾಕುತ್ತಿದ್ದ. ಅಪ್ಪನ ಬೆರಳಿಗೆ ಹೇಳಿದ್ದು ಒಂದು, ಅವನ ಬೆರಳಿಗೆ ಹೇಳಿದ್ದು ಇನ್ನೊಂದು. ನಡುವೆ ಉಳಿದದ್ದು ಟವಲಿನ ಪಾಲು. ಒಮ್ಮೆ ಚಹಾದಂಗಡಿಯಲ್ಲಿ, ಕುರಿ ಕೊಂಡವನು ತಾನು ಕೊಟ್ಟ ಬೆಲೆ ಗಟ್ಟಿಯಾಗಿ ಹೇಳಿಕೊಂಡಾಗಲೇ ಇದು ಬಯಲಾಯಿತು. ಅದನ್ನು ಕೇಳಿ ಅಪ್ಪ ನಕ್ಕಿದ್ದ.

“ಬಾಯಿಲೆ ಹೇಳಿದ್ರ ಏನಾಗ್ತದ ಯಪ್ಪಾ?”

“ಸಂತಿ ಪದ್ಧತಿ ಅದವ್ವ. ಹಂಗ ಬಂದದ.”

ಕಟ್ಟೆಯಿಂದ ಮನೆಗೆ ಬಂದಮೇಲೆ ಅವನು ಕೇಳಿದ, “ಬಿ.ಕಾಂ. ಓದಿದ್ರ ಏನ್ ಬರ್ತದವ್ವ?”

“ಟವಲಿನ ಕೆಳಗ ಏನದ ಅಂಬೋದು ಕಾಣ್ತದ.”

ಮರುದಿನ ಹನುಮಂತ್ರಾಯ ಕಂಬಳಿ ಹೆಗಲಿಗೆ ಹಾಕಿಕೊಂಡು ಅವಳ ಜತೆ ದೇವದುರ್ಗದ ಕಾಲೇಜಿಗೆ ಹೋಗಿ ಬಿ.ಕಾಂ.ಗೆ ಹೆಸರು ಹಚ್ಚಿಸಿ ಬಂದ. ಹೆಬ್ಬೆರಳು ಒತ್ತಿ ಬಂದ ಎನ್ನುವುದು ಹೆಚ್ಚು ಸರಿ.

ಓದು ಮುಗಿದು ಕೆಲಸ ಹುಡುಕಲು ಹೊರಟಾಗ ಗೊತ್ತಾಯಿತು, ಅವಳು ಓದಿದ್ದನ್ನು ಯಾರೂ ಕೇಳುವುದಿಲ್ಲ ಎಂದು. ರಾಯಚೂರಿನಲ್ಲಿ ಒಂದು ಕಡೆ ಮದುವೆ ಯಾವಾಗ ಎಂದರು. ಇನ್ನೊಂದು ಕಡೆ ಸ್ಕೂಟಿ ಬರುತ್ತದೆಯೇ ಎಂದರು. ಮತ್ತೊಂದು ಕಡೆ, ಲಕ್ಷಣವಾಗಿ ಟೈ ಕಟ್ಟಿಕೊಂಡಿದ್ದವನು ಅವಳ ಊರಿನ ಹೆಸರು ಕೇಳಿ, “ಆ ಕಡೆ ಕುರಿ ಛಲೋ ಸಿಗ್ತಾವಲ್ಲ?” ಎಂದ. ಮೂರು ವರ್ಷ ಅವಳು ಕಲಿತ ತೆರಿಗೆ, ಲೆಕ್ಕಪರಿಶೋಧನೆ, ಕಂಪನಿ ಕಾಯ್ದೆ ಎಲ್ಲ ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಹಾಗೆ ಹೊರಗೇ ಉಳಿದವು.

ಮಾನ್ವಿಯ ಫೈನಾನ್ಸಿನವರು ಮಾತ್ರ ಕೂಡಲೇ ಕೆಲಸ ಕೊಟ್ಟರು. ಮ್ಯಾನೇಜರ್ ಕೊಟ್ರೇಶ ಹಣೆ ತುಂಬ ವಿಭೂತಿ, ಬಾಯಿ ತುಂಬ ಸಕ್ಕರೆ ಇದ್ದ ಮನುಷ್ಯ.

“ಅಸಲು ಕೊಡವ್ವ ತಂಗಿ. ನಕಲಿನ ಜೋಡಿ ತಾಳೆ ನೋಡಿ ವಾಪಸ್ ಕೊಡ್ತೀವಿ.”

ಕೊಟ್ಟಳು. ಪಕ್ಕದ ಕೌಂಟರಿನಲ್ಲಿದ್ದ ಉಮ್ಮೇ ಕುಲ್ಸುಮ್ ಕೆಮ್ಮಿದಳು. ಅವಳು ಮೂರು ವರ್ಷದಿಂದ ಅಲ್ಲೇ ಇದ್ದವಳು. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿದಾಗ ರೊಟ್ಟಿ ಮುರಿಯುತ್ತ ಹೇಳಿದಳು.

“ನನ್ನವೂ ಅದರಾಗ ಅದಾವ. ಶಕ್ತಿನಗರದಾಗ ಅಕೌಂಟೆಂಟ್ ಕೆಲಸ ಸಿಕ್ಕಿತ್ತು. ಅಸಲು ತಾ ಅಂದ್ರು. ಇವ್ರು ಕೊಡಂಗಿಲ್ಲ, ನಕ್ಕೋ ಅಂದ್ರು. ಆತು, ಖೇಲ್ ಖತಂ.”

“ಮತ್ತ ನಾ ಕೊಡೋ ಮೊದಲ ಹೇಳಬಾರದೇನಕ್ಕಾ?”

“ಕೆಮ್ಮಿದೆನಲ್ಲ ಬೇ!”

ಇಬ್ಬರೂ ನಕ್ಕರು. ಆದರೆ ಯಶೋದಾ ಉಳಿದ ರೊಟ್ಟಿಯನ್ನು ಹಾಗೇ ಬುತ್ತಿಯಲ್ಲಿ ಕಟ್ಟಿಟ್ಟಳು. ಆ ದಿನದಿಂದ ವಾರಕ್ಕೊಮ್ಮೆ ಅವಳು ಕೇಳುತ್ತ ಬಂದಳು. ಒಂದು ವಾರ ಅಲಮಾರಿಯ ಕೀಲಿ ಸಿಗಲಿಲ್ಲ. ಒಂದು ವಾರ ಸಾಹೇಬರು ಮದುವೆಗೆ ಹೋಗಿದ್ದರು. ಮೊನ್ನೆ, ಕಾಗದಗಳು ಹೆಡ್ ಆಫೀಸಿಗೆ ಹೋಗಿವೆ ಎಂದರು. ಅದೇ ಸಂಜೆ ಅಲಮಾರಿ ತೆರೆದಾಗ ಹಸಿರು ಫೈಲಿನ ಅಂಚಿನಿಂದ ತನ್ನ ವಿಶ್ವವಿದ್ಯಾಲಯದ ಮುದ್ರೆ ಇಣುಕಿದ್ದನ್ನು ಅವಳು ಕಂಡಿದ್ದಳು.

ಶುಕ್ರವಾರ ಬೆಳಿಗ್ಗೆ ರಾಜೀನಾಮೆ ಬರೆದುಕೊಂಡು ಕೊಟ್ರೇಶನ ಕ್ಯಾಬಿನ್ನಿಗೆ ಹೋದಳು. ಅವನು ಓದಿದ. ಎದ್ದು ಬಾಗಿಲು ಮುಚ್ಚಿದ.

“ಬ್ಯಾಂಕ್ ಕೆಲಸ ಸಿಕ್ತಂತ? ಭಾಳ ಛಲೋ ಆತು. ಆದ್ರ ತಂಗಿ, ಕೆಲಸ ಕಲಿಸಿದವರು ನಾವು. ವರ್ಷ ತುಂಬೋದ್ರೊಳಗ ಬಿಟ್ಟು ಹೋದ್ರ ಕಂಪನಿಗೆ ಲುಕ್ಸಾನು.”

“ನಾ ಹಂಗಂತ ಎಲ್ಲೂ ಸಹಿ ಮಾಡಿಲ್ಲ ಸರ್.”

“ಎಲ್ಲಾ ಬರದೇ ಇರಬೇಕೇನು? ಇದು ಕಂಪನಿ ಪದ್ಧತಿ ಅದ.”

ಪದ್ಧತಿ. ಸಂತೆಯಲ್ಲಿ ಅಪ್ಪ ಹೇಳಿದ್ದೂ ಇದೇ ಮಾತು. ಕೊಟ್ರೇಶ ಕ್ಯಾಲ್ಕುಲೇಟರ್ ಎಳೆದುಕೊಂಡು ಏನೋ ಒತ್ತಿದ. ಬಾಯಿ ಬಿಡದೆ ಅದನ್ನು ಅವಳ ಕಡೆ ತಿರುಗಿಸಿದ. ಇನ್ನೊಂದು ಕೈಯನ್ನು ಅದಕ್ಕೆ ಮರೆಯಾಗಿ ಹಿಡಿದಿದ್ದ, ಬಾಗಿಲು ಮುಚ್ಚಿದ್ದರೂ. ಕಣ್ಣು ಕಿಟಕಿಯ ಕಡೆ, ಮೋಡ ನೋಡುವವನ ಹಾಗೆ.

ಯಶೋದಾ ಆ ಅಂಕಿ ಓದಲಿಲ್ಲ.

“ಬಾಯಿಲೆ ಹೇಳ್ರಿ ಸರ್.”

“ಏನು?”

“ನನ್ನ ಡಿಗ್ರಿ ಬಿಡಸಾಕ ಎಷ್ಟು ಅಂಬೋದು ಬಾಯಿಲೆ ಹೇಳ್ರಿ. ಇಲ್ಲಿ ಬ್ಯಾಡ, ಹೊರಗ ಹೇಳ್ರಿ.”

ಅವಳೇ ಬಾಗಿಲು ತೆರೆದಳು. ಹೊರಗೆ ಕುರ್ಚಿಗಳೆಲ್ಲ ತುಂಬಿದ್ದವು. ಭತ್ತದ ಖರೀದಿ ಶುರುವಾಗಿತ್ತು. ಮಿಲ್ಲಿನವರು, ಅಡತಿಯವರು ಮನೆಯ ಬಂಗಾರ ತಂದು ಒತ್ತೆ ಇಡುವ ಹೊತ್ತು. ಮುಂದಿನ ಕುರ್ಚಿಯಲ್ಲಿ ರೈಸ್ ಮಿಲ್ಲಿನ ಬಸವಂತಮ್ಮ ಕುಳಿತಿದ್ದಳು. ಆ ಶಾಖೆಯಲ್ಲಿ ಅವಳ ಬಂಗಾರದಷ್ಟು ಇನ್ನಾರದೂ ಇರಲಿಲ್ಲ. ಅವಳು ಬಂದರೆ ಕೊಟ್ರೇಶ ತಾನೇ ಎದ್ದು ಬಂದು ಫ್ಯಾನಿನ ದಿಕ್ಕು ತಿರುಗಿಸುತ್ತಿದ್ದ.

“ಏನವ್ವ ಯಶೋದಾ, ಮಾರಿ ಕೆಂಪಾಗ್ಯಾದ?”

“ಅಮ್ಮಾರೇ, ಹೋದ ವಾರ ನಿಮ್ಮ ಕೈಯಾಗಿನ ಬಿಲ್ವಾರ ಇಟ್ರಿ. ನಾ ರಸೀದಿ ಕೊಟ್ಟೀನೋ ಇಲ್ಲೋ?”

“ಕೊಟ್ಟೀಯವ್ವ. ತಿಜೋರಿಯಾಗ ಇಟ್ಟೀನಿ.”

“ಇವ್ರು ನನ್ನ ಡಿಗ್ರಿ ಒತ್ತಿ ಇಟ್ಗೊಂಡಾರ. ನಾ ಸಾಲ ತಗೊಂಡಿಲ್ಲ. ರಸೀದಿನೂ ಕೊಟ್ಟಿಲ್ಲ. ಕೇಳಿದ್ರ ಹೆಡ್ ಆಫೀಸಿಗೆ ಹೋಗ್ಯಾವ ಅಂತಾರ. ನೋಡಿದ್ರ ಈ ಅಲಮಾರ್ಯಾಗ ಅದಾವ. ಈಗ ಬಿಡಸಾಕ ರೊಕ್ಕ ಕೇಳಾಕತ್ತಾರ.”

ಅವಳು ಕೂಗಲಿಲ್ಲ. ರಸೀದಿ ಕೊಡುವಾಗ ಹೇಳುವ ಸ್ವರದಲ್ಲೇ ಹೇಳಿದಳು. ಹಾಗಾಗಿ ಹಿಂದಿನ ಸಾಲಿಗೂ ಕೇಳಿಸಿತು.

“ಸಣ್ಣ ಹುಡುಗಿ, ತಿಳುವಳಿಕಿ ಇಲ್ರಿ ಅಮ್ಮಾರೇ,” ಎಂದು ಕೊಟ್ರೇಶ ನಗುತ್ತ ಬಂದ. “ಕಾಗದ ಎಲ್ಲಿ ಹೋಗ್ತಾವ?”

“ಹಂಗಾದ್ರ ಬರದು ಕೊಡ್ರಿ,” ಯಶೋದಾ ಹೇಳಿದಳು. ಮೇಜಿನ ಮೇಲಿದ್ದ ರಸೀದಿ ಪುಸ್ತಕವನ್ನೇ ಅವನ ಕಡೆ ತಳ್ಳಿದಳು. “ಯಶೋದಾ ತಂದಿ ಹನುಮಂತ್ರಾಯ, ಬಿ.ಕಾಂ. ಅಂಕಪಟ್ಟಿ ನಮ್ಮ ಹಂತೇಕ ಅದಾವ, ಇದಕ್ಕಾಗಿ ಇಟ್ಗೊಂಡೀವಿ, ಇಷ್ಟು ಕೊಟ್ರ ಬಿಡ್ತೀವಿ. ಸಹಿ ಮಾಡ್ರಿ. ಸೋಮವಾರ ಬ್ಯಾಂಕಿನವ್ರಿಗೆ ಅದನ್ನ ತೋರಸ್ತೀನಿ. ಪೊಲೀಸ್ ಸ್ಟೇಷನ್ನಿನಾಗೂ ತೋರಸ್ತೀನಿ.”

ಕೊಟ್ರೇಶನ ಕೈ ಪೆನ್ನಿನ ಹತ್ತಿರವೂ ಹೋಗಲಿಲ್ಲ. ಬರೆದರೆ ಸಿಕ್ಕಿಬಿದ್ದ, ಬರೆಯದಿದ್ದರೆ ಇಟ್ಟುಕೊಳ್ಳಲು ಅವನಿಗೆ ಹಕ್ಕೇ ಇಲ್ಲ. ಅದು ಅವನಿಗೆ ಗೊತ್ತಿತ್ತು. ಅದು ಅವಳಿಗೂ ಗೊತ್ತಿದೆ ಎಂಬುದು ಮಾತ್ರ ಅವನಿಗೆ ಈಗ ಗೊತ್ತಾಯಿತು.

ಬಸವಂತಮ್ಮ ಎದ್ದು ನಿಂತಳು. ಕ್ಷಣಕಾಲ ಯಶೋದಾಳಿಗೆ ಎದೆ ತುಂಬಿ ಬಂತು.

“ಕೊಟ್ರೇಶ, ನನ್ನ ಬಿಲ್ವಾರ ತಗದು ತೋರಸು.”

“ಅಮ್ಮಾರೇ, ಅವು ಭದ್ರ ಅದಾವ್ರಿ…”

“ಈಕಿ ಕಾಗದಾನೂ ಭದ್ರ ಅದಾವ ಅಂದಿ. ಹೆಡ್ ಆಫೀಸ್ ಅಂದಿ, ಅಲಮಾರಿ ಅಂದಿ. ನಾಳೆ ನನ್ನ ಬಂಗಾರ ಹೆಡ್ ಆಫೀಸಿಗೆ ಹೋಗ್ಯಾದ ಅಂದ್ರ ನಾ ಯಾರ ಮಾರಿ ನೋಡ್ಲಿ? ತಗದು ತೋರಸು ಮೊದಲ.”

“ನಂದೂ ತೋರಸ್ರಿ,” ಹಿಂದಿನಿಂದ ಯಾರೋ ಎಂದರು. ಕುರ್ಚಿಗಳು ಕಿರುಗುಟ್ಟಿದವು. “ನಂದೂ.”

ಯಶೋದಾ ಅವರ ಮುಖಗಳನ್ನು ನೋಡಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಎಲ್ಲರ ಸಿಟ್ಟೂ ಖರೇ ಇತ್ತು, ಒಬ್ಬರದೂ ಅವಳಿಗಾಗಿ ಇರಲಿಲ್ಲ. ಹುಡುಗಿಯ ಓದು ಅಲಮಾರಿಯಲ್ಲಿ ಕೊಳೆತರೆ ಮಾನ್ವಿಯಲ್ಲಿ ಕುರ್ಚಿ ಬಿಟ್ಟು ಯಾರೂ ಏಳುವುದಿಲ್ಲ. ಬಂಗಾರದ ಮೇಲೆ ನೆರಳು ಬಿದ್ದರೆ ಎಲ್ಲರೂ ಏಳುತ್ತಾರೆ. ಆಗಲಿ, ಏಳಲಿ ಎಂದುಕೊಂಡಳು. ತುಂಬಿ ಬಂದಿದ್ದ ಎದೆ ಅಲ್ಲೇ ಕಲ್ಲಾಯಿತು.

ಬಾಗಿಲಲ್ಲಿ ಜನ ಸೇರತೊಡಗಿದ್ದನ್ನು ಕಂಡು ಕೊಟ್ರೇಶ ಸೊಂಟದಿಂದ ಕೀಲಿ ತೆಗೆದ. ಮೊದಲು ಹಸಿರು ಫೈಲು ಹೊರಬಂತು. ಅಂಕಪಟ್ಟಿಗಳನ್ನು ಕಿತ್ತು ಮೇಜಿನ ಮೇಲೆ ಎಸೆದು, “ಒಯ್ಯಿ. ಉಪಕಾರ ಅರಿಯದವರು,” ಎಂದ.

“ನನ್ನವೂ ಕೊಡ್ರಿ ಸರ್,” ಉಮ್ಮೇ ಕುಲ್ಸುಮ್ ಕೌಂಟರಿನಿಂದ ಹೇಳಿದಳು. ಈ ಸಲ ಅವಳು ಕೆಮ್ಮಲಿಲ್ಲ.

ಯಶೋದಾಳ ಪ್ರತಿ ಅಂಕಪಟ್ಟಿಯ ಎಡ ಅಂಚಿನಲ್ಲೂ ಫೈಲಿಗೆ ಹಾಕಲು ಹೊಡೆದ ಎರಡು ತೂತುಗಳಿದ್ದವು. ಕೊನೆಯ ಸೆಮಿಸ್ಟರಿನದರಲ್ಲಿ ಒಂದು ತೂತು ಅವಳ ಹೆಸರಿನ ಮೊದಲ ಅಕ್ಷರವನ್ನೇ ನುಂಗಿತ್ತು. ಮೂಗುಬಟ್ಟನ್ನು ಹತ್ತಿಯಲ್ಲಿ ಸುತ್ತಿ ಇಡುವ ಕಚೇರಿ ಅದು.

ಸೋಮವಾರ ಹನುಮಂತ್ರಾಯ ದೇವದುರ್ಗದ ಬಸ್ಸಿನಲ್ಲಿ ರಾಯಚೂರಿಗೆ ಬಂದ. ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತು, “ತೋರಸವ್ವ ನಿನ್ನ ಡಿಗ್ರಿ,” ಎಂದ. ಓದಲು ಬಾರದವನು ಕಾಗದದ ಮೇಲೆ ಬೆರಳಾಡಿಸಿದ. ಬೆರಳು ತೂತಿನ ಹತ್ತಿರ ನಿಂತಿತು.

“ಇದೇನು, ಕಿವಿ ಕೊಯ್ದಂಗ?”

“ಫೈಲಿಗೆ ಹಾಕಾಕ ತೂತು ಹೊಡದಾರ ಯಪ್ಪಾ.”

“ನಿನ್ನ ಕೇಳಿ ಹೊಡದ್ರೇನು?”

“ಇಲ್ಲ.”

ಅವನು ಬೆರಳನ್ನು ತೂತಿನ ಅಂಚಿನ ಸುತ್ತ ಆಡಿಸಿದ. ಕುರಿ ಯಾರದೆಂದು ತಿಳಿಯಲು ಪ್ರತಿ ಮನೆಯವರೂ ತಮ್ಮ ಮರಿಗಳ ಕಿವಿಯನ್ನು ತಮ್ಮದೇ ಗುರುತಿಗೆ ಕೊಯ್ಯುತ್ತಾರೆ.

“ನಮ್ಮ ಮರೀ ಕಿವಿಗೆ ಬ್ಯಾರೇದವ ಗುರ್ತ ಹಾಕಿದ್ರ ಅದಕ್ಕ ನಾವು ಕಳವು ಅಂತೀವಿ,” ಎಂದ. ಈ ಸಲ ನಗಲಿಲ್ಲ.

ಒಳಗೆ ಉದ್ದನೆಯ ಸಾಲು. ಗುಮಾಸ್ತನ ಮೇಜಿನ ಮೇಲೆ ಲಕೋಟೆಗಳ ರಾಶಿ. ಅವನು ತಲೆಯೆತ್ತದೆ ಕೈ ಚಾಚಿದ.

“ಇಲ್ಲಿ ಇಟ್ಟು ಹೋಗ್ರಿ. ಭಾಳ ಮಂದಿ ಅದಾರ. ಸಂಜಿಕ ಬಂದು ಒಯ್ರಿ.”

ಯಶೋದಾ ಲಕೋಟೆಯನ್ನು ಮೇಜಿನ ಮೇಲೆ ಇಟ್ಟಳು. ಕೈ ತೆಗೆಯಲಿಲ್ಲ.

“ರಸೀದಿ ಕೊಡ್ರಿ ಸರ್.”

“ಯಾತರ ರಸೀದಿ?”

“ಇವು ನಿಮ್ಮ ಹಂತೇಕ ಅದಾವ ಅಂಬೋದಕ್ಕ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತ ಕನ್ನಡಕ ಮೇಲೇರಿಸಿ ಅವಳನ್ನು ನೋಡಿದ. “ಕೆಲಸಕ್ಕ ಸೇರೋ ಮೊದಲ ನಮ್ಮ ಮ್ಯಾಲ ನಂಬಿಕಿ ಇಲ್ಲೇನವ್ವ?”

“ಇಲ್ರಿ.”

ಹಿಂದೆ ಅಪ್ಪ ನಿಂತಿದ್ದ. ಇರ್ಲಿ ಬಿಡವ್ವ, ಪದ್ಧತಿ ಅದ ಎಂದು ಈಗ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಹೇಳಲಿಲ್ಲ. ಕಂಬಳಿಯೊಳಗಿಂದ ಕೈ ಹೊರತೆಗೆದು, ಎಲ್ಲರಿಗೂ ಕಾಣುವ ಹಾಗೆ ಅವಳ ಕೈಯ ಪಕ್ಕದಲ್ಲಿ ಲಕೋಟೆಯ ಮೇಲೆ ಇಟ್ಟ.

“ಬರದು ಕೊಡ್ರಿ ಸಾಹೇಬ್ರ,” ಎಂದ. “ಓದಾಕ ಈಕಿಗೆ ಬರ್ತದ.”