ಅತ್ತೆಯ ಹೆಸರಿನ ಮೀನು

ಪ್ರೊಫೆಸರರ ಜೇಬಿನಿಂದ ಇಣುಕುತ್ತಿದ್ದ ಹಾಳೆಗೆ ಆಕೆ ಕೈ ಹಾಕಿಯೇಬಿಟ್ಟಳು. ಒಳಗೆ ನಡುಮನೆಯಲ್ಲಿ ಗಂಡನ ದೇಹ, ಹೊರಗೆ ಬಾಗಿಲ ಮರೆಯಲ್ಲಿ ಪರಗಂಡಸಿನ ಜೇಬಿಗೆ ಕೈ ಹಾಕುತ್ತಿರುವ ಹೆಂಡತಿ. ಯಾರಾದರೂ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

"ಸಾರ್, ಇದನ್ನ ಎಲ್ಲರ ಮುಂದೆ ಓದ್ಬೇಡಿ."

"ಯಾಕಮ್ಮಾ? ಬೆಳಗ್ಗೆಯಿಂದ ಕೂತು ಬರೆದಿದ್ದೀನಿ."

"ಮೀನಿನ ಹೆಸರು ಬಂದಿದೆಯಾ ಅದರಲ್ಲಿ?"

"ಬರದೆ ಇರುತ್ತಾ? ಅವನು ಮಾಡಿದ ದೊಡ್ಡ ಕೆಲಸವೇ ಅದು."

"ನಮ್ಮಮ್ಮ ಮುಂದಿನ ಕುರ್ಚೀಲೇ ಕೂತಿದ್ದಾರೆ."

ಪ್ರೊಫೆಸರರು ಇಣುಕಿ ನೋಡಿದರು. ಎಂಬತ್ತೇಳು ವರ್ಷದ ಮುದುಕಿ ಅಳಿಯನ ತಲೆಯ ಬಳಿಯೇ ಕುರ್ಚಿ ಹಾಕಿಸಿಕೊಂಡು, ಬಂದವರಿಗೆಲ್ಲ ವರದಿ ಒಪ್ಪಿಸುತ್ತಿದ್ದಳು. "ಊಟ ಮಾಡಿದ, ತಟ್ಟೆ ತೊಳೆದಿಟ್ಟ, ಕುರ್ಚೀಲಿ ಒರಗಿದ, ಹೋದ. ತಟ್ಟೆ ತೊಳೆಯೋದೊಂದು ಒಳ್ಳೇ ಗುಣ ಇತ್ತಪ್ಪ. ಮೂವತ್ತು ವರ್ಷ ಮೀನಿನ ತೊಟ್ಟಿ ತೊಳೆದ ಕೈ ಅಲ್ವಾ? ಅದೂ ಒಂದು ಕೆಲಸವಾ, ನೀವೇ ಹೇಳಿ."

"ಅವರೇನಾ!" ಎಂದು ಪ್ರೊಫೆಸರರು ಪಿಸುಗುಟ್ಟಿದರು, ಬಹಳ ಹೆಸರಾದ ವ್ಯಕ್ತಿಯನ್ನು ಕೊನೆಗೂ ಕಣ್ಣಾರೆ ಕಂಡವರಂತೆ.

*

ಹದಿನೆಂಟು ವರ್ಷದ ಹಿಂದಿನ ಮಾತು. ಪ್ರೊಫೆಸರರ ಪ್ರಯೋಗಾಲಯದಲ್ಲಿ ಮೀನು ಸಾಕುವುದು ಆಕೆಯ ಗಂಡನ ಕೆಲಸ. ಬೆರಳಿಗಿಂತ ಚಿಕ್ಕ ಪಟ್ಟೆ ಮೀನುಗಳು. ಬೆಳಗ್ಗೆ ದೀಪ ಹಾಕಿದೊಡನೆ ಮೊಟ್ಟೆಯಿಡುತ್ತವೆ. ಗಾಜಿನಂಥ ಆ ಮೊಟ್ಟೆಗಳನ್ನು ಸೋಸಿ, ತೊಳೆದು, ವಿಜ್ಞಾನಿಗಳ ಕೈಗೆ ಕೊಡಬೇಕು. ಒಂದು ಸಲ ಮರಿಗಳು ಸಾಯತೊಡಗಿದವು. ನೀರು ಕೆಡಿಸಿದ್ದು ಇವನೇ ಎಂದು ಪ್ರೊಫೆಸರರು ಎಲ್ಲರೆದುರು ಹಾರಾಡಿದರು; ನಾಳೆಯಿಂದ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು.

ಮನೆಗೆ ಬಂದರೆ ಅತ್ತೆ. "ತೊಳೆಯೋ ಕೆಲಸಾನೂ ನೆಟ್ಟಗೆ ಬರಲ್ವಾ ನಿನಗೆ?"

ಮರುದಿನ ಆತ ಭೂತಗನ್ನಡಿ ಹಿಡಿದು ತೊಟ್ಟಿಗಳ ಮುಂದೆ ಕೂತ. ಮಧ್ಯಾಹ್ನ ಪ್ರೊಫೆಸರರ ಬಾಗಿಲಲ್ಲಿ ನಿಂತ.

"ನೀರು ಕೆಟ್ಟಿದ್ರೆ ಎಲ್ಲಾ ಸಾಯ್ಬೇಕಲ್ಲ ಸಾರ್? ನಾಲ್ಕಕ್ಕೆ ಒಂದೇ ಯಾಕೆ ಸಾಯ್ತಿದೆ? ಸಾಯೋವಕ್ಕೆಲ್ಲ ಕೆಳದವಡೆ ಜೋತುಬಿದ್ದಿದೆ. ಬಾಯಿ ಮುಚ್ಚಕ್ಕಾಗಲ್ಲ, ತಿನ್ನಕ್ಕಾಗಲ್ಲ."

ಸೂಕ್ಷ್ಮದರ್ಶಕದ ಮುಂದೆ ಕೂತ ಪ್ರೊಫೆಸರರು ಸಂಜೆಯವರೆಗೆ ಏಳಲಿಲ್ಲ. ನಾಲ್ಕರಲ್ಲೊಂದು ಎಂದಮೇಲೆ ಅದು ನೀರಿನ ತಪ್ಪಲ್ಲ, ತಂದೆ ತಾಯಿ ಇಬ್ಬರಿಂದಲೂ ಇಳಿದುಬಂದ ಜೀನಿನ ತಪ್ಪು. ಭ್ರೂಣದ ಕತ್ತಿನಲ್ಲಿ ಸಾಲಾಗಿ ಮಡಿಕೆಗಳೇಳುತ್ತವೆ. ನೀನು ದವಡೆಯಾಗು, ನೀನು ಉಸಿರಾಡುವ ಕಿವಿರಿಗೆ ಆಸರೆಯಾಗು ಎಂದು ಅವಕ್ಕೆ ಅಪ್ಪಣೆ ಕೊಡುವ ಜೀನುಗಳಿರುತ್ತವೆ. ಅವುಗಳಲ್ಲೊಂದು ಇಲ್ಲಿ ಸುಮ್ಮನಾಗಿತ್ತು. ಅದುವರೆಗೆ ಯಾರಿಗೂ ಗೊತ್ತಿಲ್ಲದ ಜೀನು.

"ಕ್ಷಮಿಸಪ್ಪ," ಎಂದರು ಪ್ರೊಫೆಸರರು. "ಕಂಡುಹಿಡಿದವನು ನೀನು, ಹೆಸರೂ ನೀನೇ ಇಡು."

ಆತ ಒಂದು ಕ್ಷಣವೂ ಯೋಚಿಸಲಿಲ್ಲ. "ಅತ್ತೆ ಅಂತಿಡಿ ಸಾರ್. ಬಾಯಿ ಮುಚ್ಚಲ್ಲ."

ತಮಾಷೆಗೆ ಅಂದದ್ದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಗಂಡಹೆಂಡಿರು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

*

ಹಾಳೆ ಕಳೆದುಕೊಂಡ ಪ್ರೊಫೆಸರರು ಬರಿಗೈಯಲ್ಲಿ ಎದ್ದು ನಿಂತರು. ಒಳ್ಳೆಯವನು, ಪ್ರಾಮಾಣಿಕ, ಎಂದೂ ತಡವಾಗಿ ಬಂದವನಲ್ಲ ಎಂದರು. ಅಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಆದರೆ ನಾಲಿಗೆ ಜಾರಿತು. "ಇವತ್ತು ಎಷ್ಟೋ ದೇಶಗಳ ಪ್ರಯೋಗಾಲಯಗಳಲ್ಲಿ ಇವನ ಅತ್ತೆ..."

"ನಾನಾ?" ಎಂದಳು ಮುದುಕಿ.

ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಪ್ರೊಫೆಸರರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದರು. ಇನ್ನು ತಾನೇ ಬಾಯಿಬಿಡಬೇಕೆಂದು ಮಗಳಿಗೆ ತಿಳಿಯಿತು.

"ಅಮ್ಮಾ, ಮೀನಿನ ಒಂದು ಜೀನಿಗೆ ಇವ್ರು ನಿನ್ನ ಹೆಸರಿಟ್ಟಿದ್ರು. ಅತ್ತೆ ಅಂತ."

"ಯಾಕಂತೆ?"

"ಅದಿಲ್ಲದಿದ್ರೆ ದವಡೇನೇ ಸರಿಯಾಗಿ ಬೆಳೆಯಲ್ಲ. ಅತ್ತೆ ಇಲ್ಲದ ಮರಿಗಳು ಉಪವಾಸ ಬಿದ್ದು ಸಾಯ್ತಾವಂತೆ."

"ವೈಜ್ಞಾನಿಕವಾಗಿ ನೂರಕ್ಕೆ ನೂರು ಸತ್ಯ!" ಎಂದರು ಪ್ರೊಫೆಸರರು, ಮುಳುಗುತ್ತಿದ್ದವರಿಗೆ ನೆಲ ಸಿಕ್ಕಂತೆ.

ಮುದುಕಿ ಅಳಿಯನ ಮುಖವನ್ನು ಬಹಳ ಹೊತ್ತು ನೋಡಿದಳು. "ನನಗೊಂದು ಮಾತು ಹೇಳಲಿಲ್ವಲ್ಲೋ," ಎಂದು ಅವನ ಅಂಗಿಯ ಕಾಲರನ್ನು ನೆಟ್ಟಗೆ ಮಾಡಿದಳು.

ಅಂತ್ಯಸಂಸ್ಕಾರ ಮುಗಿಯುತ್ತಲೇ ಹಟ ಹಿಡಿದಳು: ನನ್ನ ಮೀನು ತೋರಿಸಿ. ಇನ್ನೊಂದು ದಿನ ಹೋಗೋಣ ಎಂದರೆ, "ಎಂಬತ್ತೇಳಾಗಿದೆ ನನಗೆ, ಇನ್ನೊಂದು ದಿನ ಅನ್ನೋದನ್ನ ಚಿಕ್ಕೋರಿಗೆ ಹೇಳು," ಎಂದಳು.

ಕಾರಿನಲ್ಲಿ ಮಗಳ ಕಿವಿಯ ಬಳಿ ಬಾಗಿದಳು. "ಬಾಯಿ ಮುಚ್ಚಲ್ಲ ಅಂತ ತಾನೇ ಇಟ್ಟಿದ್ದು?"

"ಬೇಜಾರಾಯ್ತಾಮ್ಮಾ?"

"ಏನು ಬೇಜಾರು? ನಾನು ಆಡಿದ್ದನ್ನೆಲ್ಲ ಯಾರೂ ಕಿವಿಗೇ ಹಾಕ್ಕೊಳಲ್ಲ ಅಂದ್ಕೊಂಡಿದ್ದೆ."

ಪ್ರಯೋಗಾಲಯದ ಮೀನಿನ ಕೋಣೆ ಬೆಚ್ಚಗಿತ್ತು. ತೊಟ್ಟಿಗಳಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಬಾಗಿಲ ಹಿಂದೆ ಗಂಡನ ರಬ್ಬರ್ ಬೂಟುಗಳು ಪಕ್ಕಪಕ್ಕದಲ್ಲಿ ನಿಂತಿದ್ದವು. ಬೆಳಗಿನಿಂದ ಬಾರದ ಅಳು ಆಕೆಗೆ ಅಲ್ಲಿ ಬಂತು.

ಪ್ರೊಫೆಸರರು ನಿನ್ನೆಯಷ್ಟೇ ಇಟ್ಟ ಮೊಟ್ಟೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮುದುಕಿಯನ್ನು ಕೂರಿಸಿದರು. "ಮಿಡೀತಿದೆಯಲ್ಲ, ಅದು ಹೃದಯ. ದವಡೆ ಇನ್ನೂ ಆಗಿಲ್ಲ, ಎರಡು ಮೂರು ದಿನ ಬೇಕು. ಆ ಮಡಿಕೆಗಳು ನಮಗೂ ಇದ್ವು, ಅಮ್ಮನ ಹೊಟ್ಟೇಲಿದ್ದಾಗ. ಮೀನಿಗೆ ಕಿವಿರು ಹಿಡಿಯೋ ಭಾಗ ನಮಗೆ ಗಂಟಲಾಗುತ್ತೆ. ಮಾತು ಹೊರಡೋ ಜಾಗ."

ಮುದುಕಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿ ಕೂತೇ ಇದ್ದಳು. ಆಮೇಲೆ ಎಡಗೈಯ ಎರಡು ಬೆರಳನ್ನು ತನ್ನ ಸುಕ್ಕುಗಟ್ಟಿದ ಗಂಟಲ ಮೇಲಿಟ್ಟು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, 'ಹ್ಞೂಂ' ಎಂದಳು. ಬೆರಳಡಿ ಗಂಟಲು ಅಲುಗಿತು. ಮತ್ತೊಮ್ಮೆ 'ಹ್ಞೂಂ' ಎಂದಳು.