ಹೊರಗಿಂದ ಹಾಕಿದ ಕೀಲಿ

ವೈಪರ್ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ, ಗಾಜು ಮಾತ್ರ ತಿಳಿಯಾಗುತ್ತಿಲ್ಲ, ಪುಣೆಯ ಶಿವಾಜಿನಗರದ ಸಿಗ್ನಲ್ಲಿನಲ್ಲಿ ಬಸ್ಸು ಬೇರು ಬಿಟ್ಟಂತೆ ನಿಂತಿದೆ, ಬಸವಣ್ಣೆವ್ವನ ಮುಂದಿನ ಸೀಟಿನವನ ಫೋನಿನಲ್ಲಿ ಯಾರೋ ಮರಾಠಿಯಲ್ಲಿ ಹೇಳುತ್ತಿದ್ದಾರೆ, ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ನದಿ ದಂಡೆಯವರು ಕೂಡಲೇ ಜಾಗ ಖಾಲಿ ಮಾಡಿ — ನದಿ ದಂಡೆಯವರು ಎಂದರೆ ತಾನೇ, ತನ್ನ ತಗಡಿನ ಖೋಲಿಯೇ, ಅದರೊಳಗೆ ಜ್ವರದ ಮಗಳು ಶಿವಾನಿ, ಇನ್ನೂ ಆರು ವರ್ಷ, ಹೊರಗಿಂದ ಕೀಲಿ. ಹಾಕದೆ ಏನು ಮಾಡಬೇಕಿತ್ತು, ಇವತ್ತೂ ಬರದಿದ್ದರೆ ಬೇರೆಯವಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳು ತಾನು ಪಾತ್ರೆ ತಿಕ್ಕುವ ಮನೆಯಾಕೆ, ಊರಲ್ಲಿದ್ದಾಗ ಬಾಗಿಲಿಗೆ ಕೀಲಿಯೇ ಇರಲಿಲ್ಲ, ಕದಿಯಲು ಏನಿತ್ತು ಮಣ್ಣು, ಎರಡು ಹೊತ್ತಿನ ರೊಟ್ಟಿಗೂ ತತ್ವಾರ, ಆದರೆ ಕೂಸು ಒಮ್ಮೆ ಅತ್ತರೆ ಓಣಿಗೆ ಓಣಿಯೇ ಒಳಗೆ ಬರುತ್ತಿತ್ತು, ಯಾಕ ಬಸವಣ್ಣೆವ್ವ, ಮುಂಜಾನಿಂದ ಒಲಿ ಹೊತ್ತಿಲ್ಲಲ್ಲ, ಎಲ್ಲರೆದುರು ಕೇಳಿ ಮಾನ ತೆಗೆಯುತ್ತಿದ್ದರು, ಎರಡು ರೊಟ್ಟಿ ಇಟ್ಟೂ ಹೋಗುತ್ತಿದ್ದರು, ಆ ಕರುಣೆಗೇ ರೋಸಿ ಅಲ್ಲವೇ ಪುಣೆಗೆ ಬಂದದ್ದು, ಇಲ್ಲಿ ಗ್ಯಾಸಿದೆ, ಟಿವಿ ಇದೆ, ದಿನಾ ಅನ್ನವಿದೆ, ಉಂಡೆಯಾ ಎಂದು ಯಾರೂ ಕೇಳುವುದಿಲ್ಲ, ಎಂಥ ಸುಖ ಅನಿಸಿತ್ತು, ಹುಚ್ಚಿ. ಇಲ್ಲ, ಪಕ್ಕದ ಖೋಲಿಯ ಮಾಂತು ಇದ್ದಾನೆ, ನಮ್ಮ ಕಡೆಯವನೇ, ಕೀಲಿ ಒಡೆದಿರುತ್ತಾನೆ, ಕೂಸನ್ನು ಹೆಗಲಿಗೆ ಹಾಕಿಕೊಂಡಿರುತ್ತಾನೆ — ರಿಂಗಾಗುತ್ತಿದೆ, ಎತ್ತು, ಎತ್ತೋ, ಎತ್ತಿದ.

ಅಕ್ಕಾ, ಎಲ್ಲಾರೂ ಸಾಲಿ ಕಟ್ಟಡದಾಗ ಕುಂತೇವಿ, ನೀನೂ ಶಿವಾನಿನ್ನ ಕರಕೊಂಡು ಸೀದಾ ಇಲ್ಲೇ ಬಾ — ಶಿವಾನಿ ಮನ್ಯಾಗ ಅದಾಳೋ ಮಾಂತು, ಎಂದಳು — ಏನಂತಿ ಅಕ್ಕಾ, ಎಷ್ಟು ಬಾಗಲಾ ಬಡದೆ, ಹೆಸರು ಹಿಡದು ಒದರಿದೆ, ಒಳಗ ಪಿಟ್ಟೆನ್ನಲಿಲ್ಲ, ಕೀಲಿ ಬ್ಯಾರೆ ಇತ್ತು, ನೀನ ಕರಕೊಂಡು ಹೋಗಿರಬೇಕಂತ ಬಂದುಬಿಟ್ಟೆ, ಈಗ ಓಣ್ಯಾಗ ಎದಿಮಟ ನೀರು. ಬಸ್ಸು ನಿಲ್ಲಿಸಿರಿ ಎಂದು ಚೀರಿದಳು, ನಿಂತ ಬಸ್ಸನ್ನೇ, ಇಳಿದಳು, ಓಡುತ್ತಿದ್ದಾಳೆ, ಹೆಸರು ಹಿಡಿದು ಕೂಗಿದನಂತೆ, ಅವಳು ಓ ಎನ್ನಲಿಲ್ಲವಂತೆ, ಎನ್ನುವುದು ಹೇಗೆ, ತಾನೇ ಕಲಿಸಿದ್ದಲ್ಲವೇ, ಇದು ಊರಲ್ಲ ಮಗಳ, ಕುಡುಕರ ಓಣಿ, ಯಾರು ಬಡದ್ರೂ, ಹೆಸರು ಹಿಡದು ಕರದ್ರೂ, ಒಳಗ ನೀ ಅದೀ ಅಂತ ಗೊತ್ತಾಗಬಾರದು, ಶಾಣ್ಯಾಕಿ ಅವಳು, ಹೇಳಿದ್ದನ್ನು ಮರೆಯುವುದಿಲ್ಲ, ಬಾಯಿ ಮೇಲೆ ಅಂಗೈ ಒತ್ತಿ ತೋರಿಸಿದ್ದಳು, ಹಿಂಗೇನವ್ವಾ, ಹಿಂಗ — ನೀರು ಮಂಚಕ್ಕೆ ಬಂದಿರಬೇಕು, ಬಾಯಿ ಮೇಲೆ ಅಂಗೈ, ಮಂಚದ ಮೇಲೆ ಎದ್ದು ನಿಂತಿರಬೇಕು, ಬಾಯಿ ಮೇಲೆ ಅಂಗೈ, ಒದರು ಮಗಳ, ಒದರು, ಬಾಯಿ ಮೇಲೆ ಆ ಪುಟ್ಟ ಅಂಗೈ